ಭೂಮಿಯ ವಿದ್ಯೆ ಮುಗಿಯುವುದೆಲ್ಲಿ?

ವರ್ಷವನ್ನು ಎರಡು ಪಾಲು ಮಾಡಿ ಒಂದೊಂದಕ್ಕೆ ಸೆಮೆಸ್ಟರ್ ಎಂದು ಹೆಸರಿಡುವ ಪಶ್ಚಿಮದವರ ರೂಢಿಯು ಈಗ ನಮ್ಮ ಕಾಲೇಜುಗಳಲ್ಲಿಯೂ ನೆಲೆಗೊಂಡಿದೆ. ಈ ಶಬ್ದವನ್ನು ಪರಕೀಯವೆಂದು ನಾವು ದೂರವಿಡಬೇಕಾದ ಕಾರಣವಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಆರು ತಿಂಗಳಿನದು ಎಂದೇ ಅರ್ಥ. ಅದರೊಳಗಿರುವ ಆರು ಎಂಬ ಅಂಶವೂ ತಿಂಗಳು ಎಂಬ ಅಂಶವೂ ನಮ್ಮ ‘ಷಣ್ಮಾಸ’ ಶಬ್ದದ ಅಂಶಗಳಿಗೆ ಒಡಹುಟ್ಟಿದವುಗಳು. ಆದಕಾರಣ ಮಗಳು ಪರದೇಶದಲ್ಲಿ ಒಂದು ಸೆಮೆಸ್ಟರ್ ಇದ್ದು ಬಂದಳೆಂದರೆ ಷಣ್ಮಾಸದ ವಿದ್ಯೆಯನ್ನು ಮಾಡಿ ಬಂದಳೆಂದು ತಿಳಿಯತಕ್ಕದ್ದು.

ಹೀಗೆ ಷಣ್ಮಾಸವನ್ನು ಮುಗಿಸಿ ಬಂದ ಮಗಳ ವಿಷಯವಾಗಿ ಆಲಮಟ್ಟಿಯ ಸಮೀಪದ ಗೃಹಸ್ಥರೊಬ್ಬರು ನಮಗೆ ದೀರ್ಘವಾದ ಪತ್ರವನ್ನು ಬರೆದಿರುವರು. ಅವರ ಹೆಸರನ್ನೂ ಊರನ್ನೂ ಇಲ್ಲಿ ಹೇಳುವುದಿಲ್ಲ. ಏಕೆಂದರೆ ಅವರ ಪ್ರಶ್ನೆಯು ಆ ಕಡೆಯ ಎಷ್ಟೋ ಮನೆಗಳ ಪ್ರಶ್ನೆಯಾಗಿದೆ. ಮಗಳು ಭೂಬಳಕೆಯ ಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿಗೆ ಓದುತ್ತಿರುವಳು. ಕೊನೆಯ ಪ್ರಬಂಧದ ಕೆಲಸಕ್ಕಾಗಿ ನೆದರ್ಲೆಂಡ್ಸ್ ದೇಶದ ಎನ್ಸ್ಖೆಡೆ ಪಟ್ಟಣಕ್ಕೆ ಹೋಗಿ, ಆರು ತಿಂಗಳಿದ್ದು, ಕಡೆಯ ಅಧ್ಯಾಯವೊಂದನ್ನು ಬಾಕಿ ಉಳಿಸಿಕೊಂಡು ಊರಿಗೆ ಮರಳಿರುವಳು. ಆಲಮಟ್ಟಿ ಜಲಾಶಯದ ಹಿನ್ನೀರಿನ ಸುತ್ತಣ ನೆಲವನ್ನು ಜನರು ಹೇಗೆ ಬಳಸುತ್ತಿರುವರೆಂಬುದು ಅವಳ ಪ್ರಬಂಧದ ವಿಷಯ.

ತಂದೆಯ ಆಕ್ಷೇಪಗಳು ಎರಡು. “ಮಾಸ್ತರರೇ, ನಮ್ಮ ಹೊಲವನ್ನು ನೋಡುವುದಕ್ಕೆ ಮಗಳು ಸಮುದ್ರದಾಚೆಗೆ ಹೋಗಬೇಕಾಗಿತ್ತೆ?” ಎಂಬುದು ಮೊದಲನೆಯದು. ಎರಡನೆಯದು ಇದಕ್ಕಿಂತ ಬಿಸಿಯಾದುದು. ಅವರ ಎಂಟು ಎಕರೆ ಹೊಲವು ಅಣೆಕಟ್ಟು ಎತ್ತರವಾದರೆ ಮುಳುಗುವ ಅಂಚಿನೊಳಗಿದೆ. ಮಗಳ ನಕಾಶೆಯಲ್ಲಿ ಆ ಎಂಟು ಎಕರೆಗೂ ಒಣಬೇಸಾಯದ ಬಣ್ಣವೇ ಬಿದ್ದಿದೆ. “ಪರರ ನಕಾಶೆಯಾಗಿದ್ದರೆ ಜಗಳವಾಡುತ್ತಿದ್ದೆವು, ಹೆತ್ತ ಮಗಳ ಕೈಯಿಂದಲೇ ಹೀಗಾದರೆ ಯಾರಿಗೆ ಹೇಳೋಣ? ಎಂಟನ್ನೂ ಬಾಗಾಯತ ಎಂದು ತಿದ್ದುವಂತೆ ತಾವು ಅವಳಿಗೆ ಬುದ್ಧಿ ಹೇಳಬೇಕು” ಎಂದು ಅವರು ಬರೆದಿರುವರು. ಪತ್ರದ ಅಡಿಯಲ್ಲಿ ಬೇರೊಂದು ಕೈಬರಹದಲ್ಲಿ ಎರಡೇ ಸಾಲುಗಳಿವೆ: “ಕಂಡದ್ದನ್ನು ಕಂಡಂತೆ ಬರೆಯಬೇಕೆಂದು ನನಗೆ ಕಲಿಸಿದವರು ತಾವೇ. ಈಗ ಏನು ಬರೆಯಲಿ, ಹೇಳಿರಿ ಸರ್.” ಹುಡುಗಿ ನಮ್ಮ ಶಾಲೆಯಲ್ಲಿ ಓದಿದವಳು. ಆದುದರಿಂದ ಈ ತಿಂಗಳ ಪುಟವನ್ನು ಈ ಎರಡು ಪ್ರಶ್ನೆಗಳಿಗೇ ಮೀಸಲಿಡುವೆವು.

ಮೊದಲನೆಯ ಆಕ್ಷೇಪಕ್ಕೆ ನಮ್ಮ ಉತ್ತರವಿದು. ನೀರಿಗೂ ನೆಲಕ್ಕೂ ಇರುವ ವ್ಯಾಜ್ಯವನ್ನು ಕಲಿಯಬೇಕೆಂಬವರಿಗೆ ಆ ದೇಶಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕುವುದು ಕಷ್ಟ. ಅಲ್ಲಿಯ ಸುಮಾರು ಕಾಲುಭಾಗ ನೆಲವು ಸಮುದ್ರಮಟ್ಟಕ್ಕಿಂತ ಕೆಳಗಿರುವುದು. 1932ರಲ್ಲಿ ಆ ಜನರು ಒಂದು ದೊಡ್ಡ ಕೊಲ್ಲಿಯ ಬಾಯಿಗೆ ಸುಮಾರು 32 ಕಿಲೋಮೀಟರು ಉದ್ದದ ಒಡ್ಡನ್ನು ಹಾಕಿ ಕಡಲನ್ನು ಹೊರಗೆ ನಿಲ್ಲಿಸಿದರು; ಒಳಗಿನ ನೀರನ್ನು ಪಾಲುಪಾಲಾಗಿ ಯಂತ್ರಗಳಿಂದ ಎತ್ತಿಹಾಕಿ ಕಡಲಿನ ತಳವನ್ನೇ ಹೊಲ ಮಾಡಿಕೊಂಡರು. ಇಂಥ ನೆಲಕ್ಕೆ ಅವರು ಪೋಲ್ಡರ್ ಎನ್ನುವರು. ನೀರು ಹೋದೊಡನೆಯೇ ಬಿತ್ತಲಿಲ್ಲ. ಕೊನೆಕೊನೆಯ ಪೋಲ್ಡರುಗಳಲ್ಲಿ ವಿಮಾನದಿಂದ ಜೊಂಡಿನ ಬೀಜವನ್ನು ಚೆಲ್ಲಿ, ಅದರ ಬೇರುಗಳಿಂದ ಕೆಸರನ್ನು ಒಣಗಿಸಿ, ಕೆಲವು ವರ್ಷ ಸರಕಾರವೇ ಸಾಗುವಳಿ ಮಾಡಿ ನೋಡಿ, ಆಮೇಲೆ ರೈತರನ್ನು ಆರಿಸಿ ನೆಲವನ್ನು ಕೊಟ್ಟಿತು. ಯಾವ ತುಂಡು ಯಾವ ಬೆಳೆಗೆ, ಯಾವುದು ಊರಿಗೆ, ಯಾವುದು ಕಾಡಿಗೆ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದು ಅನಂತರ ನೆಲದ ಮೇಲೆ ಬರೆದ ಜನರು ಅವರು.

ಅಲ್ಲಿ ಸ್ಖೋಕ್‌ಲಾಂಡ್ ಎಂಬ ಒಂದು ಎಡೆಯುಂಟು. ಹಿಂದೆ ಅದೊಂದು ಸಣ್ಣ ದ್ವೀಪವಾಗಿತ್ತು. ಅಲೆಗಳು ಅದನ್ನು ಕೊರೆದು ಕೊರೆದು, ಉಳಿಯುವುದು ದುಸ್ತರವಾಗಲು, 1859ರಲ್ಲಿ ರಾಜಾಜ್ಞೆಯಿಂದ ಅಲ್ಲಿಯ ಒಕ್ಕಲನ್ನು ಎಬ್ಬಿಸಿದರು. ಸುಮಾರು ಎಂಬತ್ತು ವರ್ಷಗಳಾದ ಮೇಲೆ, 1942ರಲ್ಲಿ, ಅದರ ಸುತ್ತಲಿನ ನೀರೇ ಬತ್ತಿ ಹೊಲವಾಯಿತು. ದ್ವೀಪವು ಬಯಲಿನ ನಡುವೆ ದಿಣ್ಣೆಯಾಗಿ ನಿಂತಿತು. 1995ರಲ್ಲಿ ವಿಶ್ವಪರಂಪರೆಯ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ಆಲಮಟ್ಟಿಯ ಕಡೆಯ ಹುಡುಗಿಯು ಆ ದಿಣ್ಣೆಯ ಕಥೆಯನ್ನು ತಿಳಿದರೆ ಅವಳಿಗೆ ಉಂಟಾಗುವ ಭಾವನೆಯು ಬೇರೆ ದೇಶದ ವಿದ್ಯಾರ್ಥಿಗೆ ಉಂಟಾಗಲಾರದು. ಅಲ್ಲಿ ನೀರು ನೆಲವಾಯಿತು. ಇಲ್ಲಿ ನೆಲ ನೀರಾಯಿತು. ಎರಡು ಕಡೆಗಳಲ್ಲಿಯೂ ಒಲೆ ಹೊತ್ತಿಸಿದ್ದ ಮನೆಗಳನ್ನು ಬಿಟ್ಟು ಜನರು ಏಳಬೇಕಾಯಿತು.

ಎನ್ಸ್ಖೆಡೆಯ ವಿದ್ಯಾಸಂಸ್ಥೆಗೂ ನಮಗೂ ಇರುವ ನಂಟು ಇಂದಿನದಲ್ಲ. ಭೂಮಾಪನಶಾಸ್ತ್ರದ ಪ್ರಾಧ್ಯಾಪಕರೂ ಆ ದೇಶದ ಪ್ರಧಾನಮಂತ್ರಿಗಳಾಗಿದ್ದವರೂ ಆದ ವಿಲೆಮ್ ಸ್ಖೆರ್ಮರ್‌ಹೋರ್ನ್ ಎಂಬವರು ಪರದೇಶದ ವಿದ್ಯಾರ್ಥಿಗಳಿಗೆ ಆಕಾಶಚಿತ್ರಗಳಿಂದ ನಕಾಶೆ ಬರೆಯುವುದನ್ನು ಕಲಿಸಲೆಂದು 1950ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ಅದನ್ನು ಸ್ಥಾಪಿಸಿದರು. 1971ರಲ್ಲಿ ಅದು ಎನ್ಸ್ಖೆಡೆಗೆ ಬಂದಿತು. 2010ರಲ್ಲಿ ಟ್ವೆಂಟೆ ವಿಶ್ವವಿದ್ಯಾಲಯದ ಅಂಗವಾಯಿತು. ಅದರ ಸಹಾಯದಿಂದಲೇ 1966ರಲ್ಲಿ ನಮ್ಮ ಡೆಹರಾಡೂನಿನಲ್ಲಿ ಇಂಥದೇ ಶಾಲೆಯೊಂದು ಹುಟ್ಟಿತು. ಇಂದು ಅದು ಇಸ್ರೋ ಆಶ್ರಯದಲ್ಲಿರುವ ದೂರಸಂವೇದನ ಸಂಸ್ಥೆಯಾಗಿದೆ. ಆದುದರಿಂದ ಹುಡುಗಿಯು ಗೊತ್ತುಗುರಿಯಿಲ್ಲದೆ ಹೋದವಳಲ್ಲ. ಹಿರಿಯರು ತುಳಿದ ದಾರಿಯಲ್ಲಿಯೇ ಹೋದವಳು.

ಹಾಗಾದರೆ ಅಲ್ಲಿ ಕುಳಿತು ಆಲಮಟ್ಟಿಯನ್ನು ನೋಡುವ ಬಗೆ ಹೇಗೆ? ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲನೆಯ ಉಪಗ್ರಹವನ್ನು ಅಮೇರಿಕದವರು 1972ರಲ್ಲಿ ಹಾರಿಸಿದರು. ನಮ್ಮ ದೇಶದ ಐ.ಆರ್.ಎಸ್. 1ಎ ಎಂಬುದು 1988ರಲ್ಲಿ ಮೇಲೇರಿತು. 2015ರಿಂದ ಯುರೋಪಿನವರ ಸೆಂಟಿನೆಲ್ ಉಪಗ್ರಹವು ಹತ್ತು ಮೀಟರು ಅಗಲದ ಚೌಕವನ್ನೂ ಬೇರೆಯಾಗಿ ಕಾಣಿಸುವ ಚಿತ್ರಗಳನ್ನು ಕಳುಹಿಸುತ್ತಿದೆ. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಗಳು 1964ರ ಮೇ 22ರಂದು ಅಡಿಗಲ್ಲಿಟ್ಟರು; 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಈ ನಡುವಣ ನಾಲ್ವತ್ತೆರಡು ವರ್ಷಗಳ ಬಹುಭಾಗವನ್ನು ಆಕಾಶದ ಕಣ್ಣು ನೋಡಿ ಬರೆದಿಟ್ಟಿದೆ. ಹಳೆಯ ಚಿತ್ರಗಳಲ್ಲಿ ಕೃಷ್ಣೆಯು ತನ್ನ ದಡಗಳೊಳಗೆ ತೆಳ್ಳಗೆ ಹರಿಯುವಳು. ಹೊಸ ಚಿತ್ರಗಳಲ್ಲಿ ಬಾಗಲಕೋಟೆಯವರೆಗೂ ಕೈಚಾಚಿ ಮಲಗಿರುವಳು. ಮನೆಯ ಹಿರಿಯರು ನೀರಿನ ಕಡೆಗೆ ಬೆರಳು ಮಾಡಿ “ಅಲ್ಲಿ ನಮ್ಮ ಹೊಲವಿತ್ತು” ಎಂದರೆ, ಆ ‘ಅಲ್ಲಿ’ ಎಂಬುದು ಎಲ್ಲಿ ಎಂಬುದನ್ನು ಹಳೆಯ ಚಿತ್ರವನ್ನೂ ಸರ್ವೇ ನಕಾಶೆಯನ್ನೂ ಒಂದರ ಮೇಲೊಂದಿಟ್ಟು ಹುಡುಗಿಯು ತೋರಿಸಬಲ್ಲಳು. ಇದು ಸಣ್ಣ ವಿದ್ಯೆಯಲ್ಲ. ಮನೆಯ ಜಗಲಿಯಿಂದ ಮನೆಯ ಮಾಳಿಗೆ ಕಾಣುವುದಿಲ್ಲವಷ್ಟೆ. ಅದನ್ನು ಕಾಣಲು ಬೀದಿಗೆ ಇಳಿಯಲೇಬೇಕು.

ಆದರೆ ಬೀದಿಯಲ್ಲಿ ನಿಂತವರಿಗೆ ಮಾಳಿಗೆ ಕಂಡಂತೆ ಅಡಿಗೆಮನೆಯು ಕಾಣುವುದಿಲ್ಲ. ಎರಡನೆಯ ಆಕ್ಷೇಪದ ಬೇರು ಇಲ್ಲಿದೆ. ಭೂಮಿಯ ಮೇಲೆ ಏನಿದೆ ಎಂಬುದು ಒಂದು ಪ್ರಶ್ನೆ. ಆ ಭೂಮಿ ಯಾವುದಕ್ಕಾಗಿ ಇದೆ ಎಂಬುದು ಇನ್ನೊಂದು. ಮೊದಲನೆಯದನ್ನು ಶಾಸ್ತ್ರಜ್ಞರು ನೆಲದ ಹೊದಿಕೆ ಎಂದೂ ಎರಡನೆಯದನ್ನು ನೆಲದ ಬಳಕೆ ಎಂದೂ ಬೇರ್ಪಡಿಸುವರು. ಹೊದಿಕೆಯನ್ನು ಉಪಗ್ರಹವು ಹೇಳೀತು. ಬಳಕೆಯನ್ನು ಬಳಸುವವನೇ ಹೇಳಬೇಕು.

ದೃಷ್ಟಾಂತವೊಂದನ್ನು ನೋಡಿರಿ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಎರೆಹೊಲಗಳು ಆಗಸ್ಟ್ ತಿಂಗಳ ಚಿತ್ರದಲ್ಲಿ ಬೋಳುಬೋಳಾಗಿ, ಕರ್ರಗೆ ಕಾಣುವುವು. ನಮ್ಮ ಕಡೆಯ ಪರಿಚಯವಿಲ್ಲದ ಪಂಡಿತನು ಅವನ್ನು ಪಾಳು ಎಂದು ಬರೆದುಬಿಟ್ಟಾನು. ರೈತನ ಮನೆಯ ಕೂಸಿಗೂ ಗೊತ್ತು, ಅದು ಪಾಳಲ್ಲ; ಹಿಂಗಾರಿಯ ಹೊಲ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ, ಆಳವಾದ ಕರಿಮಣ್ಣಿಗೆ ಮುಂಗಾರಿನ ಹನಿಯನ್ನೆಲ್ಲ ಕುಡಿಸಿ, ಕುಂಟೆಯಿಂದ ಹರಗಿ ಹರಗಿ ಕಳೆ ತೆಗೆದು, ಆ ಹಸಿಯನ್ನು ಹೊಟ್ಟೆಯಲ್ಲಿಟ್ಟು ಕಾಯ್ದು, ಸೆಪ್ಟೆಂಬರ್ ಅಕ್ಟೋಬರದಲ್ಲಿ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತುವುದು ಅಲ್ಲಿಯ ಸಂಪ್ರದಾಯ. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು ಮುಂತಾದ ಕಡೆ ಒಣಬೇಸಾಯದ ಸಂಶೋಧನ ಕೇಂದ್ರಗಳನ್ನು ತೆರೆದವರು ಮನಗಂಡುದೂ ಇದನ್ನೇ: ಈ ಸೀಮೆಯಲ್ಲಿ ಹಸಿಯನ್ನು ಕಾಯುವುದೇ ಕೃಷಿ. ಬೋಳಾಗಿ ಕಾಣುವ ಆ ಎರಡು ಮೂರು ತಿಂಗಳುಗಳಲ್ಲಿಯೇ ಹೊಲವು ತನ್ನ ಮುಖ್ಯವಾದ ಕೆಲಸವನ್ನು ಮಾಡುತ್ತಿರುವುದು.

ಇನ್ನೊಂದು ದೃಷ್ಟಾಂತ. ಜಲಾಶಯದ ಅಂಚಿನ ನೆಲವು ಸೆಪ್ಟೆಂಬರಿನ ಚಿತ್ರದಲ್ಲಿ ನೀರು. ಬೇಸಗೆಗೆ ಮುಂಚಿನ ಚಿತ್ರದಲ್ಲಿ, ನೀರಿಳಿದ ಮಣ್ಣಿನಲ್ಲಿ ಯಾರಾದರೂ ಬಿತ್ತಿದ್ದರೆ, ಹಸುರು. ಮೇ ತಿಂಗಳಲ್ಲಿ ಬಿರಿದ ಕೆಸರು. ಕಡತವನ್ನು ಕೇಳಿದರೆ ಸರಕಾರವು ಸ್ವಾಧೀನಪಡಿಸಿಕೊಂಡ ನೆಲ. ಒಂದೇ ತುಂಡಿಗೆ ನಾಲ್ಕು ಹೆಸರು! ಕಣ್ಣು ಎಷ್ಟು ತೀಕ್ಷ್ಣವಾದರೂ ಒಂದು ದಿನದ ನೋಟವು ವರ್ಷದ ಕಥೆಯನ್ನು ಹೇಳಲಾರದು.

ಈ ಮಾತನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಋಗ್ವೇದದ ಹತ್ತನೆಯ ಮಂಡಲದಲ್ಲಿ, ಕ್ಷೇತ್ರವನ್ನು ಅರಿಯದವನು ಅರಿತವನನ್ನು ಕೇಳಿ ಅವನ ಉಪದೇಶದಂತೆ ಮುಂದೆ ನಡೆಯುವನೆಂಬ ಅಭಿಪ್ರಾಯವಿದೆ. ಛಾಂದೋಗ್ಯದಲ್ಲಿ, ಕ್ಷೇತ್ರಜ್ಞಾನವಿಲ್ಲದವರು ಹೂಳಿಟ್ಟ ಹೊನ್ನಿನ ಮೇಲೆಯೇ ದಿನವೂ ತಿರುಗಾಡಿದರೂ ಅದನ್ನು ಪಡೆಯಲಾರರೆಂಬ ಉಪಮಾನವುಂಟು. ವೇದಾಂತಿಗಳು ಇದಕ್ಕೆ ಹೇಳುವ ಗೂಢಾರ್ಥವು ಹಾಗಿರಲಿ. ಹೊಲದ ಅರ್ಥದಲ್ಲಿಯೂ ಆ ಮಾತು ಅಕ್ಷರಶಃ ನಿಲ್ಲುವುದು.

ಪಶ್ಚಿಮದವರಿಗೂ ಇದು ತಿಳಿಯದ ವಿಷಯವಲ್ಲ. ಡಡ್ಲಿ ಸ್ಟಾಂಪ್ ಎಂಬ ಭೂಗೋಳಶಾಸ್ತ್ರಜ್ಞರು 1930ರಲ್ಲಿ ಇಂಗ್ಲೆಂಡಿನ ಸಮಸ್ತ ಭೂಬಳಕೆಯ ಸಮೀಕ್ಷೆಯನ್ನು ಕೈಕೊಂಡಾಗ ಆ ಕೆಲಸದ ಬಹುಭಾಗವನ್ನು ಮಾಡಿದವರು ಯಾರೆಂದು ಬಲ್ಲಿರಾ? ಶಾಲೆಯ ಮಕ್ಕಳು, ಶಾಲೆಯ ಮಾಸ್ತರರು. ಕೈಯಲ್ಲಿ ನಕಾಶೆ ಹಿಡಿದು ತಮ್ಮ ತಮ್ಮ ಊರಿನ ಹೊಲಹೊಲಕ್ಕೂ ನಡೆದು ಹೋಗಿ, ಇದು ಉಳುವ ನೆಲ, ಇದು ಹುಲ್ಲುಗಾವಲು, ಇದು ಕಾಡು, ಇದು ತೋಟ ಎಂದು ಗುರುತು ಹಾಕಿಕೊಂಡು ಬಂದರು. ಮುಂದೆ ಮಹಾಯುದ್ಧದಲ್ಲಿ ಧಾನ್ಯದ ಕೊರತೆಯುಂಟಾದಾಗ, ಎಲ್ಲಿ ಹೊಸದಾಗಿ ಉಳಬಹುದೆಂಬುದನ್ನು ಗೊತ್ತುಮಾಡಲು ಆ ನಕಾಶೆಗಳು ನೆರವಾದುವು. ಊರಿನ ಮಕ್ಕಳು ನಡೆದು ಬರೆದ ನಕಾಶೆಯು ಅನ್ನದ ಲೆಕ್ಕಕ್ಕೆ ಆಧಾರವಾಯಿತು.

ಇನ್ನು ಆ ಎಂಟು ಎಕರೆಯ ಮಾತಿಗೆ ಬರೋಣ. ಆಲಮಟ್ಟಿಯಲ್ಲಿ ನೀರನ್ನು ಈಗ ನಿಲ್ಲಿಸುವ ಮಟ್ಟ 519.60 ಮೀಟರು. 2010ರ ಡಿಸೆಂಬರಿನಲ್ಲಿ ಕೃಷ್ಣಾ ನ್ಯಾಯಾಧಿಕರಣವು ಅದನ್ನು 524.256 ಮೀಟರಿಗೆ ಏರಿಸಲು ಅನುಮತಿಯಿತ್ತಿತು. ಏರಿಕೆಯು ಹದಿನೈದು ಅಡಿಗಿಂತ ತುಸು ಹೆಚ್ಚು; ಆದರೆ ನಮ್ಮ ಬಯಲುಸೀಮೆಯಲ್ಲಿ ಹದಿನೈದು ಅಡಿ ನೀರು ಸುಮಾರು 75,000 ಎಕರೆಯ ಮೇಲೆ ಹರಡುವುದು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವಸಂಪುಟವು ಹೀಗೆ ಮುಳುಗುವ ನೆಲಕ್ಕೆ ಪರಿಹಾರವನ್ನು ಗೊತ್ತುಮಾಡಿತು: ನೀರಾವರಿಯ ಎಕರೆಗೆ 40 ಲಕ್ಷ, ಒಣನೆಲದ ಎಕರೆಗೆ 30 ಲಕ್ಷ ರೂಪಾಯಿ. ಹೆಸರು ಬದಲಾದರೆ ಎಕರೆಗೆ ಹತ್ತು ಲಕ್ಷ ಬದಲಾಗುವುದು. ಇಂಥ ಸಮಯದಲ್ಲಿ ತಂದೆಯ ಮನಸ್ಸು ಅಲ್ಲಾಡಿದರೆ ಅವರನ್ನು ದೂಷಿಸುವ ಎದೆ ಯಾರಿಗುಂಟು? ನೆಲ ಹೋಗುವುದು ಒಂದೇ ಸಲ.

ಹೊಲದ ಹೆಸರಿಗೆ ಬೆಲೆ ಕಟ್ಟುವುದು ಈ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಭೂಮಾಪನದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಮಣ್ಣನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಶ್ರೇಷ್ಠವಾದುದಕ್ಕೆ 16 ಆಣೆ ಎಂದಿಟ್ಟು, ಉಳಿದವಕ್ಕೆ ಇಳಿಯುತ್ತ ಬಂದ ಆಣೆಗಳನ್ನು ಕಟ್ಟಿದರು. ಆಗ ಒಳ್ಳೆಯ ಹೆಸರು ಬಂದರೆ ಕಂದಾಯ ಹೆಚ್ಚು. ಆದುದರಿಂದ ರೈತನು ನನ್ನದು ಕೀಳು ನೆಲವೆನ್ನುವುದು ಸಹಜವಾಗಿತ್ತು. ಈಗ ಒಳ್ಳೆಯ ಹೆಸರು ಬಂದರೆ ಪರಿಹಾರ ಹೆಚ್ಚು. ಆದುದರಿಂದ ಮೇಲು ನೆಲವೆನ್ನುವುದು ಸಹಜ. ಹೊಲ ಮಾತ್ರ ಆಗಲೂ ಈಗಲೂ ಇದ್ದಂತೆಯೇ ಇರುವುದು.

ತಂದೆಯ ಪತ್ರದಲ್ಲಿಯೇ ಈ ವ್ಯಾಜ್ಯದ ತೀರ್ಪು ಅಡಗಿದೆ. ಹೊಲದಲ್ಲಿ ಬಾವಿಯೊಂದಿದೆ, ಅದರ ನೀರು ಮೂರು ಎಕರೆಗೆ ತಲುಪುವುದು, ಉಳಿದ ಐದು ಎಕರೆ ಮಳೆಯನ್ನೇ ನಂಬಿರುವುದು ಎಂದು ಅವರೇ ಬರೆದಿರುವರು. ಮಗಳು 2023ರ ಚಿತ್ರಗಳನ್ನು ಆರಿಸಿಕೊಂಡಳೆಂಬುದೂ ಪತ್ರದಿಂದ ತಿಳಿಯುವುದು. ಆ ವರ್ಷ ಕರ್ನಾಟಕಕ್ಕೆಲ್ಲ ಘೋರವಾದ ಬರ. ಬಾವಿ ಬತ್ತಿತ್ತು, ಮೂರು ಎಕರೆಯೂ ಒಣಗಿತ್ತು. ಉಪಗ್ರಹವು ಸುಳ್ಳು ಹೇಳಲಿಲ್ಲ. ಬರದ ವರ್ಷದ ನಿಜವನ್ನು ಹೇಳಿತು. ಆದರೆ ಒಂದು ಬರದ ವರ್ಷದ ನಿಜವು ಹೊಲದ ನಿಜವಲ್ಲ.

ಈಗ ಶಾಲೆಯ ಲೆಕ್ಕವನ್ನು ಮಾಡೋಣ. ಮಗಳ ನಕಾಶೆಯಂತೆ ಎಂಟೂ ಎಕರೆ ಒಣನೆಲವಾದರೆ 240 ಲಕ್ಷ. ತಂದೆಯ ಇಚ್ಛೆಯಂತೆ ಎಂಟೂ ನೀರಾವರಿಯಾದರೆ 320 ಲಕ್ಷ. ಇದ್ದದ್ದನ್ನು ಇದ್ದಂತೆ, ಮೂರು ನೀರಾವರಿ ಐದು ಒಣ ಎಂದು ಬರೆದರೆ 270 ಲಕ್ಷ. ಮಗಳು 30 ಲಕ್ಷದಷ್ಟು ಕಡಿಮೆ ಹೇಳಿದಳು; ತಂದೆ 50 ಲಕ್ಷದಷ್ಟು ಹೆಚ್ಚು ಕೇಳಿದರು. ಸತ್ಯವು ಇಬ್ಬರಲ್ಲಿ ಯಾರ ಕಡೆಗೂ ಪೂರ್ತಿಯಾಗಿ ಇರಲಿಲ್ಲ.

ವಿದ್ಯಾರ್ಥಿನಿಯ ಪ್ರಬಂಧದಿಂದ ಪರಿಹಾರ ನಿರ್ಣಯವಾಗುವುದಿಲ್ಲ, ಅದಕ್ಕೆ ಅಧಿಕಾರಿಗಳ ಅಳತೆಯೂ ಕಡತವೂ ಬೇರೆ ಇವೆ ಎಂಬುದು ನಿಜ. ಹಾಗಾದರೆ ಅವಳು ಏನು ಬರೆದರೇನು ಎಂದು ಕೇಳಬಹುದು. ನಮ್ಮ ಅಭಿಪ್ರಾಯವಿದು. ಊರಿನಲ್ಲಿ ನೆಲದ ನಕಾಶೆಯನ್ನು ಓದಬಲ್ಲವರು ವಿರಳ. ನಾಳೆ ನೆರೆಯ ವಿಧವೆಯೊಬ್ಬಳ ಬಾಗಾಯತವು ಕಡತದಲ್ಲಿ ಒಣನೆಲವೆಂದು ಬಿದ್ದಿದ್ದರೆ, ಹತ್ತು ವರ್ಷಗಳ ಚಿತ್ರಗಳನ್ನು ಮುಂದಿಟ್ಟು “ನೋಡಿರಿ, ಇಲ್ಲಿ ಪ್ರತಿವರ್ಷವೂ ಬೇಸಗೆಯಲ್ಲಿ ಹಸುರಿದೆ” ಎಂದು ಹೇಳಬಲ್ಲವಳು ಈ ಹುಡುಗಿ. ಆ ದಿನ ಅವಳ ಮಾತಿಗೆ ಬೆಲೆ ಇರಬೇಕಾದರೆ ಇಂದು ತನ್ನ ತಂದೆಯ ಹೊಲದ ಮಾತಿನಲ್ಲಿ ಅವಳು ಸೋತಿರಬಾರದು. ತಕ್ಕಡಿಯನ್ನು ಮನೆಯವರಿಗಾಗಿ ಒಮ್ಮೆ ಒತ್ತಿದವನ ಅಂಗಡಿಗೆ ಊರವರು ಹೋಗುವುದಿಲ್ಲ.

ಆದಕಾರಣ, ಅಮ್ಮಾ, ನೀನು ಕೇಳಿದ ಪ್ರಶ್ನೆಗೆ ಉತ್ತರವಿದು. ಮೂರನ್ನು ಮೂರೆಂದು ಬರೆ, ಐದನ್ನು ಐದೆಂದು ಬರೆ. ಒಂದೇ ವರ್ಷದ ಚಿತ್ರವನ್ನು ಬಿಟ್ಟು ಐದಾರು ವರ್ಷಗಳ ಮುಂಗಾರಿ, ಹಿಂಗಾರಿ, ಬೇಸಗೆಯ ಚಿತ್ರಗಳನ್ನು ನೋಡು. ನಿನ್ನ ಮನೆಯ ಹೊಲಕ್ಕೆ ಹೀಗೆ ಮಾಡಿದ ಮೇಲೆ ಆ ನಕಾಶೆಯ ಉಳಿದ ಹೊಲಗಳಿಗೂ ಹೀಗೆಯೇ ಮಾಡು. ಬರದ ವರ್ಷವು ನಿನ್ನ ತಂದೆಯ ಬಾವಿಯೊಂದನ್ನೇ ಬತ್ತಿಸಿರಲಾರದು. ಕಡೆಯ ಅಧ್ಯಾಯಕ್ಕೆ ನೀನು ಪುನಃ ಎನ್ಸ್ಖೆಡೆಗೆ ಹೋಗಬೇಕಾಗಿಲ್ಲ. ಎರೆಹೊಲದ ಬದುವಿನ ಮೇಲೆ ನಡೆದರೆ ಸಾಕು.

ತಂದೆಯವರಿಗೂ ಒಂದು ಮಾತು. ಮಗಳನ್ನು ಪಾಪ, ಒಂಟಿಯಾಗಿ ನಕಾಶೆಯೊಡನೆ ಬಿಡಬೇಡಿರಿ. ಬಾವಿಯನ್ನು ತೆಗೆದ ವರ್ಷ, ಪಂಪಿನ ವಿದ್ಯುತ್ತಿನ ಬಿಲ್ಲುಗಳು, ಉತಾರದಲ್ಲಿ ವರ್ಷವರ್ಷವೂ ದಾಖಲಾದ ಬೆಳೆ, ಇವನ್ನೆಲ್ಲ ಅವಳ ಮುಂದೆ ಇಡಿರಿ. ಮೂರು ಎಕರೆಯ ನಿಜವನ್ನು ಸ್ಥಾಪಿಸಲು ಆ ಕಾಗದಗಳು ಬೇಕು. ನಾಳೆ ಅಧಿಕಾರಿಗಳ ಮುಂದೆಯೂ ಅವೇ ಬೇಕಾಗುವುವು. ಉತಾರದಲ್ಲಿ ಬೆಳೆಯ ಹೆಸರು ತಪ್ಪಾಗಿ ಬಿದ್ದಿದ್ದರೆ ಈಗಲೇ ತಿದ್ದಿಸಲು ಅರ್ಜಿ ಕೊಡಿರಿ. ನ್ಯಾಯವಾಗಿ ಬರಬೇಕಾದ 30 ಲಕ್ಷವನ್ನು ಬಿಡಬೇಡಿರಿ. ನ್ಯಾಯವಲ್ಲದ 50 ಲಕ್ಷಕ್ಕಾಗಿ ಮಗಳ ವಿದ್ಯೆಯನ್ನು ಮಾರಬೇಡಿರಿ.

ಇನ್ನು ಮಕ್ಕಳನ್ನು ಇಂಥ ವಿದ್ಯೆಗೆ ಕಳುಹಿಸುವ ಇತರ ಗೃಹಸ್ಥರಿಗೆ ನಮ್ಮ ಸೂಚನೆಗಳು ಮೂರು. ಹೊರಡುವ ಮೊದಲು ಮಗನೋ ಮಗಳೋ ಒಂದು ವರ್ಷದ ಮೂರು ಕಾಲಗಳಲ್ಲಿಯೂ ಊರಿನ ಹೊಲಗಳನ್ನು ಹಿರಿಯರೊಡನೆ ಸುತ್ತಲಿ. ಎರೆ, ಮಸಾರಿ, ಮಡ್ಡಿ, ಸವಳು, ಜವಳು ಎಂಬ ಹೆಸರುಗಳನ್ನೂ ಪ್ರತಿಯೊಂದರ ಲಕ್ಷಣವನ್ನೂ ಪುಸ್ತಕದಲ್ಲಿ ಬರೆದುಕೊಂಡು ಹೋಗಲಿ. ಅಲ್ಲಿದ್ದಾಗ ಸಂದೇಹ ಬಂದ ತುಂಡು ನೆಲದ ವಿಷಯವಾಗಿ ಮನೆಗೆ ಕೇಳಲಿ. ಕುಶಲಪ್ರಶ್ನೆಯ ಜೊತೆಗೆ ಹೊಲದ ಪ್ರಶ್ನೆಯೂ ಇದ್ದರೆ ಹೆತ್ತವರಿಗೆ ಅದಕ್ಕಿಂತ ಸಂತೋಷವಿಲ್ಲ. ಹಿಂತಿರುಗಿದ ಮೇಲೆ, ಇಂಗ್ಲಿಷಿನ ಪ್ರಬಂಧವನ್ನು ಒಪ್ಪಿಸುವ ಮುನ್ನ, ಅದರ ಸಾರವನ್ನು ಎರಡು ಪುಟದ ಕನ್ನಡದಲ್ಲಿ ಬರೆದು, ನಕಾಶೆಯನ್ನು ಊರಕಟ್ಟೆಯ ಮೇಲೆ ಹಾಸಿ, ಯಾರ ಹೊಲಗಳು ಅದರಲ್ಲಿವೆಯೋ ಅವರಿಗೆ ಓದಿ ಹೇಳಲಿ. ಅವರು ತಪ್ಪೆಂದ ಕಡೆ ಪುನಃ ಹೋಗಿ ನೋಡಲಿ.

ಪರದೇಶದ ಗುರುಗಳು ಅಂಕಗಳನ್ನು ಕೊಡುವರು. ವಿಶ್ವವಿದ್ಯಾಲಯವು ಪದವಿಯನ್ನು ಕೊಡುವುದು. ಆದರೆ ಬದುವಿನ ಮೇಲೆ ಕುಳಿತ ಮುದುಕನು ನಕಾಶೆಯ ಮೇಲೆ ಬೆರಳಿಟ್ಟು “ಹೌದವ್ವಾ, ಇದು ನಮ್ಮ ಹೊಲವೇ” ಎಂದಾಗ ಭೂಮಿಯ ವಿದ್ಯೆಯು ಮುಗಿಯಿತೆಂದು ತಿಳಿಯತಕ್ಕದ್ದು.